ಜಲಜತ್ತೆ ಏನೂ ನೋಡಲು ಹೋಗದ ದಿನ

ನಮ್ಮ ಊರಿನಲ್ಲಿ ಡಾಲ್ಫಿನ್ ನೋಡಲು ಹೋಗುತ್ತೇನೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುಣ್ಣ ತರಲು ಹೋಗುತ್ತೇನೆ ಎನ್ನುತ್ತಾರೆ, ಅಳಿವೆಯಾಚೆಯ ಭಾವನ ಮಂಡಿನೋವು ವಿಚಾರಿಸಿ ಬರುತ್ತೇನೆ ಎನ್ನುತ್ತಾರೆ, ಹೊಲಿಯಲು ಕೊಟ್ಟ ರವಿಕೆಯ ನೆಪ ಹೇಳುತ್ತಾರೆ. ಕೇಳಿದವರು “ಹೌದಾ, ಹೋಗಿ ಬನ್ನಿ” ಎಂದು ಗಂಭೀರವಾಗಿ ತಲೆಯಾಡಿಸುತ್ತಾರೆ. ಯಾಕೆಂದರೆ ನಮ್ಮ ಕಡಲಿನ ಪ್ರಾಣಿಗಳು ತಮ್ಮನ್ನು ನೋಡಬೇಕೆಂದು ಆಸೆಪಟ್ಟವರ ಕಣ್ಣಿಗೆ ಬೀಳುವುದಿಲ್ಲ. ಬೇಡ ಎಂದು ಕೂತವನ ಮೂಗಿನಡಿಗೇ ಬಂದು ಲಾಗ ಹಾಕುತ್ತವೆ. ಡಾಲ್ಫಿನ್ ಮಾತ್ರವಲ್ಲ, ಅಳಿವೆಯ ನೀರುನಾಯಿ, ದೀಪಸ್ತಂಭದ ಬಂಡೆಯ ಕಡಲ ಹದ್ದು, ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆ, ಎಲ್ಲವೂ ಹೀಗೇ. ಹೊರಗಿನ ಊರಿನ ಪ್ರೊಫೆಸರರೊಬ್ಬರು ಇದಕ್ಕೆ ಕಾರಣ ಹುಡುಕುತ್ತೇನೆಂದು ಒಂದು ಬೇಸಗೆ ಪೂರ್ತಿ ಇಲ್ಲಿ ಬಂದು ಕೂತರು. ಪಾಪ, ಅವರಿಗೆ ಒಂದು ಏಡಿಯೂ ಕಾಣಿಸಲಿಲ್ಲ.

ಹಾಗಾಗಿ ಪ್ರವಾಸಿಗರನ್ನು ಕರೆದೊಯ್ಯುವ ಪ್ರತಿ ಬೋಟಿನಲ್ಲೂ ನಮ್ಮಲ್ಲಿ ಒಬ್ಬ ಬೇಡದಾಳು ಇರುತ್ತಾನೆ. ಅವನ ಕೆಲಸ ಇಷ್ಟೇ, ಬೋಟಿನಲ್ಲಿ ಕೂತು ಏನೂ ಬೇಡದೆ ಇರುವುದು. ಪ್ರವಾಸಿಗರ ಆಸೆ ಸಾಮಾನ್ಯವಾಗಿ ತೆಳು. ಅವರ ಅರ್ಧ ಮನಸ್ಸು ಮಧ್ಯಾಹ್ನದ ಮೀನೂಟದಲ್ಲಿ ಇರುತ್ತದೆ, ಕಾಲು ಮನಸ್ಸು ತಮ್ಮದೇ ಫೋಟೋದಲ್ಲಿ. ಉಳಿದ ಕಾಲನ್ನು ಒಬ್ಬ ಒಳ್ಳೆಯ ಬೇಡದಾಳು ಸರಿದೂಗಿಸಬಲ್ಲ. ನಾನು ಆ ಕೆಲಸದಲ್ಲಿದ್ದೆ. ಒಳ್ಳೆಯವನು ಎಂದರೆ ಒಳ್ಳೆಯವನೇ. ಜಂಬದ ಮಾತಲ್ಲ, ಬೋಟಿನ ಯಜಮಾನ ಹಸನಬ್ಬನನ್ನು ಬೇಕಾದರೆ ಕೇಳಿ. ಕಡಲಿಗೆ ಬೆನ್ನು ಹಾಕಿ ಕೂತು, ನೆಲಗಡಲೆ ಸುಲಿಯುತ್ತಾ ನಾನೊಮ್ಮೆ ಆಕಳಿಸಿದರೆ ಸಾಕು, ಡಾಲ್ಫಿನ್‌ಗಳು ಊಟಕ್ಕೆ ಕರೆದ ನೆಂಟರ ಹಾಗೆ ಬಂದುಬಿಡುತ್ತಿದ್ದವು. ಜನ ಕಿರುಚುವುದು ಕೇಳಿದಾಗ ಓ ಬಂದವು ಎಂದು ತಿಳಿದು ನಾನು ಮುಂದಿನ ಕಡಲೆ ಸುಲಿಯುತ್ತಿದ್ದೆ. ಈಗ ನನಗೆ ಆ ಕೆಲಸ ಇಲ್ಲ. ಅದು ಹೇಗೆ ಹೋಯಿತೆಂದು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಬೋಟಿನಲ್ಲಿ ಇದ್ದವನು ನಾನು, ಆದ್ದರಿಂದ ನಾನೇ ಹೇಳುತ್ತೇನೆ.

ಏನೂ ಬೇಡ ಎನ್ನುವುದು ನನ್ನ ಹುಟ್ಟುಗುಣ. ಸನ್ಯಾಸವೆಂದು ಯಾರೂ ತಪ್ಪು ತಿಳಿಯಬಾರದು, ಅದಕ್ಕೂ ಒಂದು ಹಟ ಬೇಕಾಗುತ್ತದೆ. ನನಗೆ ಕೊಟ್ಟರೆ ತಿನ್ನುತ್ತೇನೆ, ಕೊಡದಿದ್ದರೆ ಮರೆತುಬಿಡುತ್ತೇನೆ. ನನ್ನ ಹೆಂಡತಿ ಸುಗಂಧಿ ಇದನ್ನು ಮದುವೆಯಾದ ಲಾಗಾಯ್ತು ಆಡಿಕೊಳ್ಳುತ್ತಾ ಬಂದಿದ್ದಾಳೆ. “ಹೆಣ್ಣು ನೋಡ್ಲಿಕ್ಕೆ ಬಂದವರು ಗೋಡೆಯ ಕ್ಯಾಲೆಂಡರ್ ನೋಡಿ ಹೋದರು. ನನ್ನ ಅಪ್ಪ ಇವರಿಗೆ ಕ್ಯಾಲೆಂಡರನ್ನೇ ಧಾರೆಯೆರೆದು ಕೊಡುವವರಿದ್ದರು” ಎಂದು ಬಂದವರೆದುರೆಲ್ಲ ಹೇಳುತ್ತಾಳೆ. ಕ್ಯಾಲೆಂಡರ್ ಚೆನ್ನಾಗಿಯೇ ಇತ್ತು ಎಂದು ನನ್ನ ನೆನಪು.

ನನ್ನ ಅಪ್ಪನ ಅಕ್ಕ ಜಲಜತ್ತೆ ಇದಕ್ಕೆ ತದ್ವಿರುದ್ಧ. ಅಮ್ಮ ಇಲ್ಲದ ನನ್ನನ್ನು ಸಾಕಿ ಬೆಳೆಸಿದವಳು ಅವಳೇ, ಆದರೂ ಅವಳ ಗುಣದ ಒಂದು ಎಳೆಯೂ ನನಗೆ ಬರಲಿಲ್ಲ. ಅತ್ತೆ ನಮ್ಮ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಊರಿನವರ ಮಾತನ್ನೆಲ್ಲ ಈ ತೂತಿನಿಂದ ಆ ತೂತಿಗೆ ಚುಚ್ಚುತ್ತಾ ಆಯುಷ್ಯ ಕಳೆದವಳು. ಊರಿನಲ್ಲಿ ಯಾರು ಯಾವಾಗ ಡಾಲ್ಫಿನ್ ಕಂಡರೂ ಮೊದಲು ಓಡುವುದು ಫೋನಿಗೆ. “ಅಕ್ಕಾ, ಎಂತ ಹೇಳಲಿ, ಬೋಟಿನ ಬದಿಗೇ ಬಂದಿತ್ತು” ಎಂಬ ಮಾತು ಅತ್ತೆಯ ಕಿವಿಯನ್ನು ಹಾದೇ ಆಚೆಗೆ ಹೋಗಬೇಕಿತ್ತು. ಊರಿನ ಸಾಲ ವಸೂಲಿಯವನಿಗೆ ಡಾಲ್ಫಿನ್ ಕಂಡಿತು, ಬೋಟಿನಂಚಿಗೆ ಬಾಗಿ ವಾಂತಿ ಮಾಡುತ್ತಿದ್ದವರಿಗೆ ಕಂಡಿತು, ಗಂಡನ ಜೊತೆ ಜಗಳವಾಡಿ ಮುಖ ತಿರುಗಿಸಿ ಕೂತ ಮದುಮಗಳಿಗೆ ಇಡೀ ಹಿಂಡೇ ಕಂಡಿತು. ಅತ್ತೆಗೆ ಮಾತ್ರ ಇಷ್ಟು ವರ್ಷವಾದರೂ ಒಂದರ ಬಾಲವೂ ಕಾಣಲಿಲ್ಲ.

ಅವಳು ಪ್ರಯತ್ನ ಮಾಡದೆ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಹೋದಳು. ಮೈಯಲ್ಲಿ ಜ್ವರ ಇದ್ದಾಗ ಹೋದಳು. ಹಲಸಿನ ಹಣ್ಣು ಬಿಡಿಸಲು ಕೂತು, ಕೈಗೆಲ್ಲ ಮೇಣ ಮೆತ್ತಿಕೊಂಡು, ಅದರಲ್ಲೇ ಮುಳುಗಿದವಳ ಹಾಗೆ ನಟಿಸಿದಳು. ನನ್ನನ್ನೇ ಬೇಡದಾಳಾಗಿ ಪಕ್ಕದಲ್ಲಿ ಕೂರಿಸಿಕೊಂಡು ಹಲವು ಸಲ ಹೋದಳು. ನಾನು ಬೇಡ ಬೇಡ ಎಂದು ಎಷ್ಟು ಆಕಳಿಸಿದರೂ ಅವಳ ಆಸೆಯ ತೂಕದೆದುರು ನನ್ನ ತಕ್ಕಡಿ ಮೇಲೇ ನಿಂತುಬಿಡುತ್ತಿತ್ತು. ಅತಿ ಆಸೆ ಗತಿಗೇಡು ಎಂದು ಊರಿನವರು ಅವಳಿಗೆ ಬುದ್ಧಿ ಹೇಳಿ ಹೇಳಿ ಸುಸ್ತಾದರು. ಅವಳ ಸೀರೆಯ ಸೆರಗು ಬೋಟು ಕಟ್ಟುವ ಧಕ್ಕೆಯ ಮೇಲೆ ಕಂಡ ಕೂಡಲೇ ಬೋಟಿನವರ ಇಂಜಿನ್ ಕೆಡುತ್ತಿತ್ತು. ಅವಳು ಸಂಜೆ ದಂಡೆಯ ಮೇಲೆ ನಡೆದರೆ ಏಡಿಗಳೆಲ್ಲ ಬಿಲ ಸೇರಿ, ಮರಳು ಬಾಚಿದ ಹಾಗೆ ಖಾಲಿಯಾಗುತ್ತಿತ್ತು.

ಈಚೆಗೆ ಅತ್ತೆಯ ಕಣ್ಣು ಮಂಜಾಗತೊಡಗಿತು. ಸುಗಂಧಿ ಪಟ್ಟಣದ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಒಣಗುವ ಕಾಯಿಲೆ, ಬರುವ ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂದಷ್ಟೇ ತಿಳಿದೀತು ಎಂದರಂತೆ ಡಾಕ್ಟರರು. ಅತ್ತೆ ಬಂದವಳೇ ನಮ್ಮ ಜಗಲಿಯಲ್ಲಿ ಕೂತು ಬಿಸಿ ಕಾಫಿ ಊದಿ ಊದಿ ಕುಡಿದಳು.

“ಹೋದರೆ ಹೋಗಲಿ ಮಾರಾಯ. ಈ ಕಣ್ಣಲ್ಲಿ ನೋಡಬೇಕಾದ್ದು, ನೋಡಬಾರದ್ದು ಎಲ್ಲ ನೋಡಿ ಆಗಿದೆ. ಅದೊಂದು ಬಾಕಿ ಉಂಟು, ಅಷ್ಟೆ,” ಎಂದಳು.

ಅದೊಂದು ಯಾವುದೆಂದು ಯಾರೂ ಕೇಳಲಿಲ್ಲ. ಅವಳು ಹೋದ ಮೇಲೆ ಸುಗಂಧಿ ಲೋಟ ಎತ್ತದೆ ಅಲ್ಲೇ ನಿಂತಳು. “ಈ ಮಳೆ ಹಿಡಿಯುವುದರೊಳಗೆ ತೋರಿಸಬೇಕು. ನೀವು ಎಂತ ಮಾಡ್ತೀರೋ ಗೊತ್ತಿಲ್ಲ, ತೋರಿಸಬೇಕು,” ಎಂದಳು. ನಾನು ಕೈಯಲ್ಲಿದ್ದ ಕಡಲೆಯನ್ನು ಬಾಯಿಗೆ ಹಾಕದೆ ಕೆಳಗಿಟ್ಟೆ.

ಯೋಜನೆ ಶುರುವಾಯಿತು. ಬೇರೆ ಊರಿನವರಿಗೆ ಒಂದು ದಿನದ ಕಡಲ ಪ್ರವಾಸವೆಂದರೆ ಬೋಟು, ಬುತ್ತಿ, ಟೋಪಿ. ನಮ್ಮಲ್ಲಿ ಅದು ಒಂದು ಕಳ್ಳತನಕ್ಕೆ ಬೇಕಾಗುವಷ್ಟು ತಯಾರಿ ಬೇಡುತ್ತದೆ. ಹಸನಬ್ಬನನ್ನು ಮನೆಗೆ ಕರೆದು, ಚಾ ಕೊಟ್ಟು, ಬಾಗಿಲು ಹಾಕಿ ಮಾತಾಡಿದೆವು.

“ಅತ್ತೆಯ ತಲೆಯಲ್ಲಿ ಆಸೆಗೆ ಕೂತುಕೊಳ್ಳಲಿಕ್ಕೆ ಜಾಗವೇ ಇರಬಾರದು. ಬೇರೆ ಎಂತಾದ್ರೂ ತುಂಬಿಸಬೇಕು,” ಎಂದಳು ಸುಗಂಧಿ.

“ಹಸಿವೆ ತುಂಬಿಸುವ. ಬೆಳಿಗ್ಗೆಯಿಂದ ಎಂತದ್ದೂ ಕೊಡುವುದು ಬೇಡ,” ಎಂದ ಹಸನಬ್ಬ.

“ಹಸಿದ ಅತ್ತೆಯನ್ನು ನೀನು ನೋಡಿಲ್ಲ. ನಾವೇ ಬೋಟಿನಿಂದ ಹಾರಬೇಕಾಗ್ತದೆ,” ಎಂದೆ ನಾನು.

“ಹಲ್ಲುನೋವು?”

“ಇರುವುದೇ ಎರಡು ಹಲ್ಲು.”

ಸುಗಂಧಿ ಯೋಚಿಸಿ ಯೋಚಿಸಿ ಕೊನೆಗೆ, “ಸಿಟ್ಟು,” ಎಂದಳು.

ಅತ್ತೆಗೆ ಲೋಕದಲ್ಲಿ ಸಿಟ್ಟು ಇದ್ದದ್ದು ಒಬ್ಬಳ ಮೇಲೆ, ಎಕ್ಸ್‌ಚೇಂಜಿನಲ್ಲಿ ಜೊತೆಗೆ ಕೆಲಸ ಮಾಡಿದ್ದ ಕಮಲಾಕ್ಷಿಯ ಮೇಲೆ. ಜಲಜ ಎಲ್ಲರ ಫೋನು ಕದ್ದು ಕೇಳುತ್ತಾಳೆ ಎಂದು ಕಮಲಾಕ್ಷಿ ಮೇಲಿನವರಿಗೆ ಹೇಳಿದ್ದಳಂತೆ. ಅಂದಿನಿಂದ ಮಾತಿಲ್ಲ. ಕಮಲಾಕ್ಷಿ ಈಗ ಕೋಟೆ ದ್ವೀಪದಲ್ಲಿ ಮಗಳ ಮನೆಯಲ್ಲಿದ್ದಳು. ಅವಳ ಕಾಲು ಉಳುಕಿದೆ, ನೋಡಿಕೊಂಡು ಬರೋಣ ಎಂದು ಅತ್ತೆಯನ್ನು ಬೋಟು ಹತ್ತಿಸುವುದು, ಅಳಿವೆಯ ಕಾಂಡ್ಲಾ ಗಿಡಗಳ ನಡುವೆ ಸಾಗಿ, ದೀಪಸ್ತಂಭದ ಬಂಡೆ ಬಳಸಿ, ದ್ವೀಪದ ಆಚೆಗಿನ ತೆರೆದ ಕಡಲಿಗೆ ಇಳಿಯುವುದು. ದಾರಿಯುದ್ದಕ್ಕೂ ಅತ್ತೆ ಕಮಲಾಕ್ಷಿಗೆ ಏನೇನು ಹೇಳಬೇಕೆಂದು ಹಲ್ಲು ಕಡಿಯುತ್ತಿರುತ್ತಾಳೆ, ಇರುವ ಎರಡನ್ನೇ. ಆಗ ಡಾಲ್ಫಿನ್ ಬರುತ್ತದೆ. ಹಸನಬ್ಬನಿಗೂ ಇದು ಮೆಚ್ಚಿಕೆಯಾಯಿತು. ಬುತ್ತಿಗೆ ಅಕ್ಕಿಯ ಪುಂಡಿ, ಬಂಗುಡೆ ಮೀನಿನ ಪುಳಿಮುಂಚಿ ಎಂದು ತೀರ್ಮಾನವಾಯಿತು.

ಗುಟ್ಟು ರಟ್ಟಾಗಬಾರದೆಂದು ಸುಗಂಧಿ ಯಾರಿಗೂ ಹೇಳಲಿಲ್ಲ. ಅತ್ತೆಯೆದುರು ಯಾರೂ ಬಾಯಿಬಿಡಬಾರದು ಎಂದು ಎಚ್ಚರಿಸುವ ಸಲುವಾಗಿ ಮಾತ್ರ ಪಕ್ಕದ ಮನೆಗೆ ಹೇಳಿದಳು. ಹಸನಬ್ಬನೂ ಅದೇ ಕಾರಣಕ್ಕೆ ಧಕ್ಕೆಯಲ್ಲಿ ಹೇಳಿದ. ನಮ್ಮ ಊರಿನವರ ದೋಷವೆಂದರೆ ಒಳ್ಳೆಯತನ. ಅತ್ತೆಯ ಕಣ್ಣಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಸಹಾಯ ಮಾಡುವ ಮನಸ್ಸಾಯಿತು. ಮರುದಿನ ಬೆಳಿಗ್ಗೆ ಮೀನಿನ ಬುಟ್ಟಿ ಇಳಿಸಿದ ಬೇಬಿಯಕ್ಕ ಅತ್ತೆಯ ಕೈಗೆ ಭೂತಾಯಿ ಮೀನು ಹಾಕುತ್ತಾ, “ಜಲಜಕ್ಕ, ನಾಳೆ ನೀವು ಡಾಲ್ಫಿನ್ ನೋಡ್ಲಿಕ್ಕೆ ಹೋಗುವುದಿಲ್ಲವಂತೆ. ಒಳ್ಳೆದಾಯ್ತು,” ಎಂದಳು. ಅಂಗಡಿಯವನು ಬೆಲ್ಲ ತೂಗಿ ಕೊಟ್ಟು, “ಕಡಲಲ್ಲಿ ನೋಡ್ಲಿಕ್ಕೆ ಎಂತ ಉಂಟು ಹೇಳಿ, ಬರೀ ನೀರು,” ಎಂದ. ದೇವಸ್ಥಾನದ ಭಟ್ಟರು ಮನೆಯವರೆಗೆ ಬಂದು ಪ್ರಸಾದ ಕೊಟ್ಟರು. “ನಾಳೆ ನಿಮಗೆ ಏನೂ ಕಾಣದೆ ಇರಲಿ ಅಂತ ವಿಶೇಷವಾಗಿ ಪ್ರಾರ್ಥಿಸಿದ್ದೇನೆ ಅಮ್ಮ,” ಎಂದರು.

ಸಂಜೆ ಅತ್ತೆ ನಮ್ಮ ಮನೆಗೆ ಬಂದಳು. ನಾನು ಜಗಲಿಯಲ್ಲಿದ್ದೆ, ಸುಗಂಧಿ ಒಳಗೆ ಅಕ್ಕಿ ರುಬ್ಬುತ್ತಿದ್ದಳು.

“ವಾಮು, ಕಮಲಾಕ್ಷಿಗೆ ಉಳುಕಿದ್ದು ಯಾವ ಕಾಲು?”

“ಬಲಗಾಲು,” ಎಂದೆ ನಾನು.

“ಎಡಗಾಲು ಅತ್ತೆ,” ಎಂದು ಒಳಗಿನಿಂದ ಕೂಗಿದಳು ಸುಗಂಧಿ.

“ಎರಡೂ ಉಳುಕಿತಾ! ಪಾಪ,” ಎಂದಳು ಅತ್ತೆ. ಅವಳು ನಗಲಿಲ್ಲ. “ಹಾಗಾದರೆ ಹೋಗಲೇಬೇಕು.”

ಬೆಳಿಗ್ಗೆ ಧಕ್ಕೆಗೆ ಬಂದ ಅತ್ತೆಯನ್ನು ನೋಡಿ ಹಸನಬ್ಬ ಹಿಡಿದಿದ್ದ ಹಗ್ಗ ಬಿಟ್ಟ. ಕಾಲು ಉಳುಕಿದವಳನ್ನು ವಿಚಾರಿಸಲು ಹೊರಟವಳು ತನ್ನ ಧಾರೆ ಸೀರೆ ಉಟ್ಟಿದ್ದಳು, ಮಾವಿನ ಹಣ್ಣಿನ ಬಣ್ಣದ್ದು, ಜರಿಯಂಚಿನದು. ಮಲ್ಲಿಗೆ ಮುಡಿದಿದ್ದಳು. ಬೋಟು ಹತ್ತುವಾಗ ಅವಳ ಕೈಚೀಲದಿಂದ ಒಂದು ಹಳೆಯ ದುರ್ಬೀನು ಜಾರಿ ಹಲಗೆಯ ಮೇಲೆ ಬಿತ್ತು. ಎಲ್ಲರೂ ಅದನ್ನು ನೋಡಿದೆವು.

“ಇದು ಎಂತ ಅತ್ತೆ?” ಎಂದು ಸುಗಂಧಿ ಬಾಯಿ ತಪ್ಪಿ ಕೇಳಿಬಿಟ್ಟಳು.

“ಕಮಲಾಕ್ಷಿಯ ಉಳುಕು ಹತ್ತಿರದಿಂದ ನೋಡ್ಲಿಕ್ಕೆ,” ಎಂದು ಅತ್ತೆ ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಅಳಿವೆಯಲ್ಲಿ ಬೋಟು ಸಾಗಿದಂತೆ ಇಬ್ಬದಿಯ ಕಾಂಡ್ಲಾ ಪೊದೆಗಳಿಂದ ಕೊಕ್ಕರೆಗಳು ಒಂದಾದ ಮೇಲೆ ಒಂದು ಎದ್ದು ಹೋದವು. ನೀರುನಾಯಿಗಳು ಆಡುವ ಕೆಸರಿನ ದಿಬ್ಬದಲ್ಲಿ ಆಗಷ್ಟೇ ಹೋದವುಗಳ ಒದ್ದೆ ಹೆಜ್ಜೆ ಮಾತ್ರ ಇತ್ತು. ದೀಪಸ್ತಂಭದ ಬಂಡೆಯ ಮೇಲಿನ ದೊಡ್ಡ ಗೂಡು ಖಾಲಿ. “ಬೆಳಿಗ್ಗೆ ಮೀನಿಗೆ ಹೋಗುವಾಗ ಹದ್ದು ಇಲ್ಲೇ ಇತ್ತು ಜಲಜಕ್ಕ,” ಎಂದ ಹಸನಬ್ಬ. ಸುಗಂಧಿ ಅವನತ್ತ ಕಣ್ಣು ಬಿಟ್ಟಳು. “ಅಂದ್ರೆ, ಎಂತದ್ದೂ ಇರ್ಲಿಲ್ಲ,” ಎಂದು ಅವನು ಇಂಜಿನ್ ಕಡೆಗೆ ಬಾಗಿದ.

ಇನ್ನು ತಡಮಾಡಬಾರದೆಂದು ಸುಗಂಧಿ ಸಿಟ್ಟಿನ ಕೆಲಸಕ್ಕೆ ಕೈಹಾಕಿದಳು. “ಅತ್ತೆ, ಆ ಕಮಲಾಕ್ಷಿ ನಿಮ್ಮ ಬಗ್ಗೆ ಎಂತ ಹೇಳಿದ್ದು ಆವತ್ತು? ನನಗೆ ನೆನೆಸಿಕೊಂಡರೇ ಮೈ ಉರಿಯುತ್ತದೆ.”

“ನಿನಗೆ ಯಾಕೆ ಉರಿಯುವುದು? ಅವಳು ಹೇಳಿದ್ದು ಸತ್ಯವೇ. ನಾನು ಕದ್ದು ಕೇಳ್ತಿದ್ದೆ,” ಎಂದಳು ಅತ್ತೆ.

“ಆದರೂ ಅದನ್ನು ಮೇಲಿನವರಿಗೆ ಹೇಳುವುದಾ?”

“ನಾನು ಅವಳ ಜಾಗದಲ್ಲಿದ್ದಿದ್ದರೆ ಇನ್ನೂ ಬೇಗ ಹೇಳ್ತಿದ್ದೆ. ಈಗ ಯೋಚಿಸಿದರೆ ಪಾಪ ಅನ್ನಿಸ್ತದೆ. ಆ ದ್ವೀಪದಲ್ಲಿ ಅವಳಿಗೆ ಹೊತ್ತು ಹೋಗ್ಲಿಕ್ಕಿಲ್ಲ,” ಎಂದಳು ಅತ್ತೆ.

ಸಿಟ್ಟಿನ ಯೋಜನೆ ಹಾಗೆ ನೀರು ಪಾಲಾಯಿತು. ನಾವು ದ್ವೀಪ ದಾಟಿ ತೆರೆದ ಕಡಲಿಗೆ ಬಂದೆವು. ಹಸನಬ್ಬ ಇಂಜಿನ್ ಆರಿಸಿದ. ನಾನು ನನ್ನ ವೃತ್ತಿಯ ಮರ್ಯಾದೆಯನ್ನೆಲ್ಲ ಒಟ್ಟುಗೂಡಿಸಿ, ಬೆನ್ನು ಹಾಕಿ ಕೂತು ಕಡಲೆ ಸುಲಿದೆ. ಸುಗಂಧಿ ಬುತ್ತಿ ಬಿಚ್ಚಿದಳು. ಅತ್ತೆ ಪುಂಡಿ ಮುರಿದು ಪುಳಿಮುಂಚಿಯಲ್ಲಿ ಅದ್ದಿ ತಿಂದಳು, ಚೆನ್ನಾಗಿದೆ ಎಂದಳು, ಆದರೆ ಅವಳ ಕಣ್ಣು ತುತ್ತಿನ ಮೇಲೆ ಇರಲಿಲ್ಲ. ಕಡಲು ಹಾಸಿದ ಚಾಪೆಯ ಹಾಗೆ ಬಿದ್ದುಕೊಂಡಿತ್ತು. ಒಂದು ಸಣ್ಣ ಮೀನೂ ಹಾರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟತೊಡಗಿತು, ಗಾಳಿಯ ದಿಕ್ಕು ಬದಲಾಯಿತು. ಹಸನಬ್ಬ ಒಮ್ಮೆ ಮೋಡ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಇನ್ನು ಹೆಚ್ಚು ಹೊತ್ತು ನಿಲ್ಲುವ ಹಾಗಿರಲಿಲ್ಲ. ಈ ಮೋಡ ಒಡೆದು ಮಳೆ ಹಿಡಿಯಿತೆಂದರೆ ಮುಂದೆ ಬೋಟು ಕಡಲಿಗೆ ಇಳಿಯುವುದು ಮಳೆಗಾಲ ಕಳೆದ ಮೇಲೆಯೇ. ಅತ್ತೆಗೆ ಅಷ್ಟು ಸಮಯ ಇರಲಿಲ್ಲ.

ಅತ್ತೆ ಕೈ ತೊಳೆದುಕೊಂಡಳು. “ಸಾಕು ಮಕ್ಕಳೇ. ನನಗೆ ನಿನ್ನೆಯೇ ಗೊತ್ತಾಗಿದೆ. ಬೇಬಿ ಹೇಳಿದಳು, ಬೆಲ್ಲದವನು ಹೇಳಿದ, ದೇವರಿಗೂ ಗೊತ್ತುಂಟು ಅಂತ ಭಟ್ಟರು ಹೇಳಿದರು. ನೀವು ಇಷ್ಟು ಮಾಡಿದಿರಲ್ಲ, ನಾನು ಗೊತ್ತಿಲ್ಲದವಳ ಹಾಗೆ ಇರುವ ಅಂತ ಇದ್ದೆ,” ಎಂದಳು.

ಸುಗಂಧಿ ತಲೆ ತಗ್ಗಿಸಿದಳು. ನನಗೆ ಅತ್ತೆಯ ಜರಿಯಂಚಿನ ಸೀರೆ ನೋಡಿ ಅಳು ಬಂದ ಹಾಗಾಯಿತು. ನಾನು ಅಳುವವನಲ್ಲ.

“ಒಂದು ಕೆಲಸ ಮಾಡುವ,” ಎಂದು ಅತ್ತೆ ಎದ್ದು ಬೋಟಿನ ನಡುವಿನ ಹಲಗೆಯ ಮೇಲೆ, ಎದುರಿನ ಕಡಲಿಗೆ ಬೆನ್ನು ಹಾಕಿ ಕೂತಳು. ಹಿಂದಿನ ಹಲಗೆಯಲ್ಲಿದ್ದ ನನ್ನನ್ನು ತನ್ನ ಕಡೆಗೆ ಮುಖ ಮಾಡಿ ಕೂರಲು ಹೇಳಿದಳು. “ನಾನು ನೋಡುವುದಿಲ್ಲ. ನೀನು ನನ್ನ ಹಿಂದೆ ನೋಡು. ಬಂದರೆ ಫೋನಿನಲ್ಲಿ ಹೇಳಿದ ಹಾಗೆ ಹೇಳು. ಇಡೀ ಜನ್ಮ ಕೇಳಿಯೇ ಕಳೆದಿದ್ದೇನೆ, ಇನ್ನೊಂದು ಸಲ ಕೇಳ್ತೇನೆ.” ಹಾಗೆ ಹೇಳಿ ಅಂಗೈಯನ್ನು ಬಲಕಿವಿಗೆ ಹೆಡ್‌ಸೆಟ್ಟಿನ ಹಾಗೆ ಒತ್ತಿಕೊಂಡಳು. ಮುಖ ಬದಲಾಯಿತು, ಬೆನ್ನು ನೆಟ್ಟಗಾಯಿತು. “ಹಲೋ, ಎಕ್ಸ್‌ಚೇಂಜ್. ಮಾತಾಡಿ,” ಎಂದಳು. ಅದು ಅವಳ ಕೆಲಸದ ಸ್ವರ, ನಾನು ಶಾಲೆಗೆ ಹೋಗುವಾಗ ಕೇಳಿದ್ದು.

“ಎಂತದ್ದೂ ಇಲ್ಲ ಅತ್ತೆ,” ಎಂದೆ.

“ಇಲ್ಲಿ ಅತ್ತೆ ಯಾರೂ ಇಲ್ಲ. ಲೈನಿನಲ್ಲಿ ಇರಿ,” ಎಂದಳು.

ನಾನು ಲೈನಿನಲ್ಲಿ ಇದ್ದೆ. ಆಗ ಅವಳ ಮಲ್ಲಿಗೆ ದಂಡೆಯ ಆಚೆ, ನೀರು ಒಂದು ಕಡೆ ಉಬ್ಬಿ ಬೆನ್ನೊಂದು ಮೇಲೆ ಬಂದು ಇಳಿಯಿತು.

“ಹಲೋ. ಬಂದವು,” ಎಂದೆ. ಅತ್ತೆಯ ಪಕ್ಕದಲ್ಲಿ ಸುಗಂಧಿ ಬಾಯಿಗೆ ಸೆರಗು ಒತ್ತಿಕೊಂಡಳು.

ಅತ್ತೆ ಕದಲಲಿಲ್ಲ. “ಬಣ್ಣ?”

“ಕಪ್ಪು.”

“ಕಪ್ಪು ಅಂದರೆ? ಕೊಡೆಯ ಕಪ್ಪಾ, ಎಮ್ಮೆಯ ಕಪ್ಪಾ? ಸರಿಯಾಗಿ ಹೇಳಿ, ಕೇಳಿಸುವುದಿಲ್ಲ.”

ಒಂದು ವಿಷಯ ಹೇಳಬೇಕು. ಅಷ್ಟು ವರ್ಷ ಆ ಕೆಲಸ ಮಾಡಿದ್ದರೂ ನಾನು ಡಾಲ್ಫಿನ್ ಅನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಬೆನ್ನು ಹಾಕಿ ಕೂರುವುದೇ ನನ್ನ ಕೆಲಸವಾಗಿತ್ತು. ತಿರುಗಿ ನೋಡಿದಾಗಲೂ, ಬೀದಿಯಲ್ಲಿ ಹೋಗುವ ಬಸ್ಸು ನೋಡಿದಷ್ಟೇ ನೋಡಿದ್ದು. ಈಗ ಆಪರೇಟರಿಗೆ ಉತ್ತರ ಹೇಳಬೇಕಾದ್ದರಿಂದ ನೋಡಿದೆ.

“ಕಪ್ಪಲ್ಲ. ಒದ್ದೆಯಾದ ರುಬ್ಬುವ ಕಲ್ಲಿನ ಬಣ್ಣ. ಹೊಟ್ಟೆಯ ಹತ್ತಿರ ಗುಲಾಬಿ. ಬೆನ್ನಿನ ಮೇಲೆ ಸಣ್ಣ ಡುಬ್ಬ ಉಂಟು.”

“ಶಬ್ದ?”

“ಉಸಿರು ಬಿಡ್ತದೆ. ನೀನು ಕಾಫಿ ಊದಿದ ಹಾಗೆ. ಹಿಂದೆ ಇನ್ನೊಂದು ಉಂಟು. ಅದರ ಬದಿಗೆ ಅಂಟಿಕೊಂಡು... ಅತ್ತೆ, ಮರಿ ಉಂಟು! ಮರಿಗೆ ಇನ್ನೂ ಸರಿ ಬರುವುದಿಲ್ಲ, ತಲೆ ಪೂರಾ ಹೊರಗೆ ಹಾಕಿ ಉಸಿರು ತೆಗೆಯುತ್ತದೆ, ಮತ್ತೆ ದೊಪ್ಪ ಅಂತ ಬೀಳ್ತದೆ. ತಾಯಿ ಅದನ್ನು ಮೂಗಿನಲ್ಲಿ ಎತ್ತಿ ಕೊಡ್ತದೆ.”

“ನಿಧಾನ ಹೇಳಿ. ಮತ್ತೆ?”

“ಮತ್ತೆ ಮರಿ ಈಗ ಮಗ್ಗುಲಾಯಿತು. ಒಂದು ಕಣ್ಣು ಕಾಣ್ತದೆ. ಸಣ್ಣ ಕಣ್ಣು. ನನ್ನನ್ನೇ ನೋಡ್ತಾ ಉಂಟು.” ನನ್ನ ಸ್ವರ ನನಗೇ ಬೇರೆಯವರದ್ದೆಂಬ ಹಾಗೆ ಕೇಳಿಸಿತು. ಮರಿ ಮುಳುಗಿತು. ನಾನು ಕಾದೆ. ಹಲಗೆಯಿಂದ ಅರ್ಧ ಎದ್ದೆ. ಅದು ಇನ್ನೊಮ್ಮೆ ಬರಬೇಕು, ಇದೊಂದು ಸಲ ಆ ಕಣ್ಣು ಕಾಣಬೇಕು ಎನ್ನಿಸಿತು.

ಅಷ್ಟೆ. ಕಡಲು ಚಾಪೆಯಾಯಿತು.

“ಹಲೋ? ಹಲೋ?” ಎಂದಳು ಅತ್ತೆ.

“ಹೋದವು,” ಎಂದೆ. “ಇಲ್ಲ, ಬರ್ತವೆ. ಬಾ! ಏ ಬಾ, ಬಾ!” ಕೋಳಿಮರಿ ಕರೆದ ಹಾಗೆ ನಾಲಿಗೆ ಲೊಚಗುಟ್ಟಿಸುತ್ತಾ, ಕೈಯಲ್ಲಿದ್ದ ನೆಲಗಡಲೆಯನ್ನೆಲ್ಲ ನೀರಿಗೆ ಚೆಲ್ಲಿದೆ. ಬೋಟಿನಂಚಿನಿಂದ ಎಷ್ಟು ಬಾಗಿದ್ದೆನೆಂದರೆ ಹಸನಬ್ಬ ಹಿಂದಿನಿಂದ ನನ್ನ ಲುಂಗಿ ಹಿಡಿದು ಎಳೆಯಬೇಕಾಯಿತು. ಲುಂಗಿ ಅವನ ಕೈಯಲ್ಲಿ ಉಳಿಯಿತು. ನಾನು ಪಟ್ಟೆ ಚಡ್ಡಿಯಲ್ಲಿ ಬಂದು ಹಿಂದಿನ ಹಲಗೆಯ ಮೇಲೆ ಕುಕ್ಕರಿಸಿದೆ.

“ಯಾ ಅಲ್ಲಾ! ನಮ್ಮ ಬೇಡದಾಳಿಗೆ ಬೇಕಾಯ್ತು!” ಎಂದ ಹಸನಬ್ಬ.

ಅತ್ತೆ ಕಿವಿಯಿಂದ ಕೈ ತೆಗೆದು ನನ್ನ ಮುಖ ನೋಡಿದಳು. ಮೊದಲು ಅವಳ ಭುಜ ಅಲುಗಿತು. ಆಮೇಲೆ ನಗು ಒಡೆಯಿತು ನೋಡಿ, ನಾನು ಅವಳು ಹಾಗೆ ನಕ್ಕಿದ್ದನ್ನು ಕಂಡದ್ದೇ ಇಲ್ಲ. “ಅಯ್ಯೋ ವಾಮು, ಅಯ್ಯೋ ನನ್ನ ಮಗನೇ, ಈಗ ಗೊತ್ತಾಯ್ತಾ ನಿನಗೆ? ಕಡಲೆ ಹಾಕ್ತಾನೆ! ಡಾಲ್ಫಿನಿಗೆ ಕಡಲೆ ಹಾಕ್ತಾನೆ!” ಹೊಟ್ಟೆ ಹಿಡಿದುಕೊಂಡು, ಸುಗಂಧಿಯ ಮೇಲೆ ಒರಗಿ, ಕನ್ನಡಕ ತೆಗೆದು ಧಾರೆ ಸೀರೆಯ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮಳೆಗಾಲವೂ ಇಲ್ಲ, ಕಣ್ಣಿನ ಡಾಕ್ಟರೂ ಇಲ್ಲ, ಜನ್ಮವಿಡೀ ಹೊತ್ತ ಆಸೆಯೂ ಇಲ್ಲ, ಅವಳಿಗೆ ಆ ಗಳಿಗೆಯಲ್ಲಿ ಲೋಕದಲ್ಲಿ ಇದ್ದದ್ದು ನನ್ನ ಪಟ್ಟೆ ಚಡ್ಡಿ ಮತ್ತು ನನ್ನ ಮುಖ ಮಾತ್ರ. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಅವಳು ಇನ್ನೂ ನಗಲಿ ಎನ್ನಿಸಿತು.

ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನಗಲು ನನ್ನ ಕಡೆ ತಿರುಗಿದವಳ ನಗು ಅರ್ಧಕ್ಕೆ ನಿಂತಿತು. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಮೇಲಿಂದ, ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸುಗಂಧಿ ಅವಳ ಕೈ ಹಿಡಿದುಕೊಂಡಳು.

“ವಾಮು,” ಎಂದಳು ಅತ್ತೆ, ಬಹಳ ಮೆಲ್ಲಗೆ. “ತಿರುಗಬೇಡ. ತಿರುಗಿದರೆ ಹೋಗ್ತದೆ.”

ನಾನು ತಿರುಗಲಿಲ್ಲ. ನನ್ನ ಆಸೆ ಆಗಷ್ಟೇ ಹುಟ್ಟಿದ ಕೂಸು, ಬೆನ್ನು ಹಾಕಿದರೆ ಸುಮ್ಮನಾಗುವಷ್ಟು ಎಳೆಯದಿತ್ತೋ ಏನೋ. ಆದರೂ ಹಲಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು. ಹಿಂದೆ, ತೀರ ಹತ್ತಿರದಲ್ಲಿ, ನೀರು ಸರಿಯಿತು. ಯಾರೋ ಉಸಿರು ಬಿಟ್ಟರು. ಹನಿ ನನ್ನ ಕುತ್ತಿಗೆಯ ಮೇಲೆ ಬಿತ್ತು. ಇನ್ನೊಂದು ಉಸಿರು, ಚಿಕ್ಕದು, ಆಮೇಲೆ ದೊಪ್ಪ ಎಂಬ ಸದ್ದು. ಹುಟ್ಟಿದಂದಿನಿಂದ ನಾನು ಏನನ್ನೂ ಬೇಕು ಎಂದವನಲ್ಲ. ಈಗ ಬೇಕಾದ್ದೆಲ್ಲ ಬೆನ್ನ ಹಿಂದೆ ಇತ್ತು, ನಾನು ನೋಡಬಹುದಾಗಿದ್ದದ್ದು ಅತ್ತೆಯ ಮುಖ ಒಂದನ್ನೇ. ಅವಳ ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮೆಲ್ಲಗೆ ಚಲಿಸುತ್ತಿತ್ತು. ಕೈಚೀಲದ ದುರ್ಬೀನನ್ನು ಅವಳು ಮುಟ್ಟಲೂ ಇಲ್ಲ.

“ಅತ್ತೆ,” ಎಂದು ಪಿಸುಗುಟ್ಟಿದೆ, “ಹೇಗುಂಟು?”

ಅವಳು ಕನ್ನಡಕವನ್ನು ಬೆರಳಿನಿಂದ ಮೂಗಿನ ಮೇಲೆ ಏರಿಸಿಕೊಂಡಳು.

“ನೀನು ಹೇಳಿದ ಹಾಗೆ ಅಲ್ಲವೇ ಅಲ್ಲ ಮಾರಾಯ,” ಎಂದಳು.